ಲೆಕ್ಕದ ಪುಸ್ತಕ ಯಾರ ಕೈಯಲ್ಲಿತ್ತು?

ಇತಿಹಾಸದ ಘೋರ ಅನ್ಯಾಯಗಳ ಮೇಲೆ ಎಲ್ಲಿ ಮಾತಾಡಿದರೂ ಕೊನೆಗೆ ಒಬ್ಬರು ಎದ್ದು ನಿಂತು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಅದೆಲ್ಲ ಸರಿ, ಯಾವುದು ಹೆಚ್ಚು ಘೋರ? ಗುಲಾಮಗಿರಿಯೋ, ಯಹೂದಿಗಳ ನರಮೇಧವೋ?" ಹಾಗಾಗಿ ಇವತ್ತು ಅದನ್ನು ಕೊನೆಯವರೆಗೆ ಕಾಯಿಸದೆ ಮೊದಲೇ ಎತ್ತಿಕೊಳ್ಳುತ್ತೇನೆ. ಹೀಗೆ ಕೇಳುವ ಬಹಳಷ್ಟು ಜನರ ಬಳಿ ಉತ್ತರ ಆಗಲೇ ಸಿದ್ಧವಾಗಿರುತ್ತದೆ. ಒಂದನ್ನು ಮುಂದೆ ಹಿಡಿದು ಇನ್ನೊಂದರ ಬಾಯಿ ಮುಚ್ಚಿಸಬೇಕು, ಅಷ್ಟೇ. ಹಾಗಂತ ಹೋಲಿಸಲೇಬಾರದು ಅನ್ನುವವರ ಗುಂಪಿಗೂ ನಾನು ಸೇರುವುದಿಲ್ಲ. "ಇದು ಬೇರೆ ಥರದ್ದು" ಅಂತ ಹೇಳಬೇಕಾದರೂ ಮೊದಲು ಪಕ್ಕಪಕ್ಕ ಇಟ್ಟು ನೋಡಿರಬೇಕು, ಅಲ್ವಾ?

ಹೋಲಿಕೆ ಸಾಮಾನ್ಯವಾಗಿ ಸಂಖ್ಯೆಯಿಂದ ಶುರುವಾಗುತ್ತದೆ. ನಾವೂ ಅಲ್ಲಿಂದಲೇ ಹೊರಡೋಣ. ಅಟ್ಲಾಂಟಿಕ್ ಸಾಗರದ ಆಚೆಗೆ ಸಾಗಿಸಲು ಆಫ್ರಿಕಾದಲ್ಲಿ ಹಡಗು ಹತ್ತಿಸಿದ್ದು ಸುಮಾರು 1 ಕೋಟಿ 25 ಲಕ್ಷ ಜನರನ್ನು. ಆಚೆ ದಡದಲ್ಲಿ ಜೀವಂತ ಇಳಿದವರು ಸುಮಾರು 1 ಕೋಟಿ 7 ಲಕ್ಷ. ಉಳಿದ 18 ಲಕ್ಷ ಜನ ಹಾದಿಯಲ್ಲೇ ಸತ್ತರು. 36 ಸಾವಿರ ಹಡಗು ಪ್ರಯಾಣಗಳ ದಾಖಲೆಗಳನ್ನು ಒಟ್ಟುಹಾಕಿ ಇತಿಹಾಸಕಾರರು ಈ ಅಂದಾಜಿಗೆ ಬಂದಿದ್ದಾರೆ. ದೊಡ್ಡ ಕೆಲಸ ಅದು. ಆದರೆ ಆ ದಾಖಲೆಗಳನ್ನು ಬರೆದಿಟ್ಟವರು ಯಾರು? ಹಡಗಿನ ಮಾಲೀಕರು, ಕಪ್ತಾನರು, ಸುಂಕದ ಅಧಿಕಾರಿಗಳು, ವಿಮೆ ಮಾಡಿಕೊಟ್ಟವರು. ಅವರು ಸತ್ತವರನ್ನು ಎಣಿಸಿದ್ದು ನಷ್ಟ ಎಷ್ಟಾಯಿತು ಅಂತ ತಿಳಿಯುವುದಕ್ಕೆ.

ಇದು ಹೇಗಿತ್ತು ಅಂತ ನೋಡಲು ಒಂದು ಹಡಗು ಸಾಕು. ಅದರ ಹೆಸರು ಜಾಂಗ್. 1781ರಲ್ಲಿ ಅದು ಆಫ್ರಿಕಾದ ಕರಾವಳಿಯಿಂದ 442 ಜನರನ್ನು ತುಂಬಿಕೊಂಡು ಜಮೈಕಾಕ್ಕೆ ಹೊರಟಿತು. ಅಷ್ಟು ಜನ ಹಿಡಿಸುವ ಹಡಗೇ ಅಲ್ಲ ಅದು. ದಾರಿ ತಪ್ಪಿ ಜಮೈಕಾ ದಾಟಿ ಮುಂದೆ ಹೋಯಿತು. ಕುಡಿಯುವ ನೀರು ಸಾಲುವುದಿಲ್ಲ ಅಂತ ಹೇಳಿ ನಾವಿಕರು ಕೆಲವು ದಿನಗಳ ಅಂತರದಲ್ಲಿ 130ಕ್ಕೂ ಹೆಚ್ಚು ಜನರನ್ನು ಜೀವಂತ ಸಮುದ್ರಕ್ಕೆ ಎಸೆದರು. ನಡುವೆ ಮಳೆ ಬಂದಿತ್ತು, ನೀರು ಸಿಕ್ಕಿತ್ತು ಅನ್ನುವುದು ಆಮೇಲೆ ಗೊತ್ತಾಯಿತು. ಲಿವರ್‌ಪೂಲಿನ ಮಾಲೀಕರು ತಲೆಗೆ 30 ಪೌಂಡಿನಂತೆ ವಿಮೆ ಹಣ ಕೇಳಿದರು. ಕಾಯಿಲೆಯಿಂದ ಸತ್ತರೆ ವಿಮೆ ಇಲ್ಲ. ಹಡಗು ಉಳಿಸಲು "ಸರಕು" ಎಸೆದರೆ ಉಂಟು. 1783ರಲ್ಲಿ ಲಂಡನ್ನಿನಲ್ಲಿ ಕೇಸು ನಡೆದದ್ದು ಇದರ ಮೇಲೆ. ಕೊಲೆಯ ಕೇಸಲ್ಲ, ವಿಮೆಯ ಕೇಸು! ಕುದುರೆಗಳನ್ನು ನೀರಿಗೆ ಎಸೆದರೆ ಹೇಗೋ ಕಾನೂನಿನ ಕಣ್ಣಿಗೆ ಇದೂ ಹಾಗೆಯೇ ಅಂತ ಮುಖ್ಯ ನ್ಯಾಯಮೂರ್ತಿ ಮ್ಯಾನ್ಸ್‌ಫೀಲ್ಡ್ ಹೇಳಿದರು. ಸ್ವತಃ ಗುಲಾಮನಾಗಿದ್ದು ಬಿಡುಗಡೆ ಪಡೆದಿದ್ದ ಒಲಾಡಾ ಇಕ್ವಿಯಾನೊ ಈ ಸುದ್ದಿಯನ್ನು ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಗ್ರ್ಯಾನ್‌ವಿಲ್ ಶಾರ್ಪ್ ಅವರಿಗೆ ಮುಟ್ಟಿಸಿದರು. ಕೊಲೆ ಮೊಕದ್ದಮೆ ಹೂಡಿಸಲು ಶಾರ್ಪ್ ಬಹಳ ಓಡಾಡಿದರು. ಏನೂ ಆಗಲಿಲ್ಲ.

ಹಣದ ಜಗಳ ಆಗದೆ ಹೋಗಿದ್ದರೆ ಜಾಂಗ್ ಹಡಗಿನ ವಿಷಯ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಗುಲಾಮಗಿರಿಯ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಹೀಗೆ ಸುಲಿದವರ ಖಾತೆ ಪುಸ್ತಕದಿಂದಲೇ ಹೆಕ್ಕಿದ್ದು. ಆ ಪುಸ್ತಕದಲ್ಲಿ ಗಂಡು, ಹೆಣ್ಣು, ಮಗು, ಬೆಲೆ ಇದೆ. ಹೆಸರಿಲ್ಲ. ಹಡಗು ಹತ್ತುವ ಮೊದಲೇ, ಒಳನಾಡಿನಿಂದ ಕರಾವಳಿಗೆ ನಡೆಸಿಕೊಂಡು ಬರುವಾಗ ಸತ್ತವರು ಅದರಲ್ಲಿ ಬರುವುದೇ ಇಲ್ಲ. 1807ರಲ್ಲಿ ಬ್ರಿಟನ್ ಗುಲಾಮ ವ್ಯಾಪಾರ ನಿಲ್ಲಿಸಿದ ಮೇಲೆ ಅದರ ನೌಕಾಪಡೆ ಕೆಲವು ಹಡಗುಗಳನ್ನು ಹಿಡಿಯಿತು. ಅವುಗಳಿಂದ ಬಿಡಿಸಿದವರ ಹೆಸರು, ವಯಸ್ಸು, ಎತ್ತರವನ್ನು ಸಿಯೆರಾ ಲಿಯೋನ್ ಮತ್ತು ಕ್ಯೂಬಾದ ನ್ಯಾಯಾಲಯಗಳಲ್ಲಿ ಬರೆದುಕೊಂಡರು. ಹೀಗೆ 90 ಸಾವಿರಕ್ಕೂ ಜಾಸ್ತಿ ಹೆಸರು ಉಳಿದಿವೆ. ಕೋಟಿಯ ಮುಂದೆ 90 ಸಾವಿರ.

ಈಗ ಇದರ ಪಕ್ಕಕ್ಕೆ ಯಹೂದಿಗಳ ನರಮೇಧವನ್ನು ಇಡಿ. ನಾಜಿಗಳು ಕೊಂದದ್ದು ಸುಮಾರು 60 ಲಕ್ಷ ಜನರನ್ನು. ಜೆರುಸಲೇಮಿನ ಯಾದ್ ವಶೇಮ್ ಸಂಸ್ಥೆ ಅವರಲ್ಲಿ 48 ಲಕ್ಷಕ್ಕೂ ಹೆಚ್ಚು ಜನರ ಹೆಸರು ಕಲೆಹಾಕಿದೆ. ನಾಜಿಗಳು ಕಾಗದ ಪತ್ರ ಚೆನ್ನಾಗಿ ಇಟ್ಟಿದ್ದರು, ಅದಕ್ಕೇ ಹೀಗೆ ಅಂತ ಹೇಳುವುದುಂಟು. ಅದು ಅರ್ಧ ಸತ್ಯ. ಆ ಹೆಸರುಗಳಲ್ಲಿ ದೊಡ್ಡ ಪಾಲು ಬಂದದ್ದು ಬದುಕಿ ಉಳಿದವರು ಕೂತು ತುಂಬಿಸಿದ ಹಾಳೆಗಳಿಂದ. ಅಣ್ಣನ ಹೆಸರು ತಮ್ಮ ಬರೆದ. ಪಕ್ಕದ ಮನೆಯವರ ಹೆಸರು ಇನ್ಯಾರೋ ಬರೆದರು. ಹೆಸರು ಉಳಿಯಬೇಕಾದರೆ ಅದು ಗೊತ್ತಿರುವ ಒಬ್ಬರಾದರೂ ಉಳಿದಿರಬೇಕು, ಅವರ ಮಾತು ಕೇಳುವ ಕಚೇರಿಯೂ ಒಂದಿರಬೇಕು. ಗುಲಾಮಗಿರಿ ಮೊದಲು ಮಾಡಿದ ಕೆಲಸವೇ ಆ ಗೊತ್ತಿರುವವರನ್ನು ದೂರ ಮಾಡುವುದು. ಅಮ್ಮನನ್ನು ಒಂದು ತೋಟಕ್ಕೆ, ಮಗನನ್ನು ಇನ್ನೊಂದಕ್ಕೆ ಮಾರುತ್ತಿದ್ದರು. ಹೆಸರನ್ನೂ ಬದಲಿಸುತ್ತಿದ್ದರು.

ಸಂಖ್ಯೆ ತಪ್ಪಾದರೆ ಏನಾಗುತ್ತದೆ ಅನ್ನುವುದಕ್ಕೂ ಒಂದು ಮಾತು. ಪೋಲೆಂಡಿನಲ್ಲಿ ನಾಜಿಗಳು ನಡೆಸಿದ ಆಶ್ವಿಟ್ಸ್ ಶಿಬಿರದ ಜಾಗದಲ್ಲಿ ಬಹಳ ಕಾಲ ಒಂದು ಫಲಕ ಇತ್ತು. ಇಲ್ಲಿ 40 ಲಕ್ಷ ಜನ ಸತ್ತರು ಅಂತ. 1945ರಲ್ಲಿ ಸೋವಿಯತ್ ಆಯೋಗ ಹೇಳಿದ ಅಂಕಿ ಅದು. ಹೊರಗಿನ ಇತಿಹಾಸಕಾರರು ಅದನ್ನು ಒಪ್ಪಿರಲಿಲ್ಲ. ಕಮ್ಯುನಿಸ್ಟ್ ಆಡಳಿತ ಮುಗಿದ ಮೇಲೆ ಫಲಕ ತೆಗೆದರು. ಅಲ್ಲಿಯ ಮ್ಯೂಸಿಯಮ್ಮಿನ ಇತಿಹಾಸಕಾರ ಫ್ರಾನ್ಸಿಷೆಕ್ ಪೀಪರ್, ಜನರನ್ನು ಶಿಬಿರಕ್ಕೆ ತಂದ ರೈಲುಗಳ ಲೆಕ್ಕ ಹಿಡಿದು ಹೇಳಿದ್ದು ಸುಮಾರು 11 ಲಕ್ಷ, ಅವರಲ್ಲಿ ಹತ್ತು ಲಕ್ಷದಷ್ಟು ಯಹೂದಿಗಳು. "ನೋಡಿ, ಸಂಖ್ಯೆ ಇಳಿಸಿದರು, ಎಲ್ಲ ಸುಳ್ಳು" ಅಂತ ನರಮೇಧವನ್ನೇ ಅಲ್ಲಗಳೆಯುವವರು ಕುಣಿದರು. 60 ಲಕ್ಷ ಅನ್ನುವ ಒಟ್ಟು ಲೆಕ್ಕ ಆ 40 ಲಕ್ಷದ ಮೇಲೆ ನಿಂತಿರಲೇ ಇಲ್ಲ. ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಹಳೆಯ ಫಲಕದಲ್ಲಿ ಯಹೂದಿ ಅನ್ನುವ ಪದವೇ ಇರಲಿಲ್ಲ. ಸಂಖ್ಯೆ ಹಿಗ್ಗಿಸಿ ಜನರನ್ನು ಮರೆಸಿದ್ದರು.

ಸೆನೆಗಲ್‌ನ ಗೊರೆ ದ್ವೀಪದ ಕಥೆಯೂ ಸುಮಾರಾಗಿ ಇದೇ. ಅಲ್ಲಿ ಗುಲಾಮರ ಮನೆ ಅಂತ ಒಂದು ಕಟ್ಟಡ ಇದೆ. ಸಮುದ್ರದ ಕಡೆಗೆ ತೆರೆಯುವ ಒಂದು ಬಾಗಿಲು. ದಾಟಿದವರು ಮರಳಿ ಬರಲಿಲ್ಲ ಅನ್ನುತ್ತಾರೆ. ಮಂಡೇಲಾ ಹೋಗಿದ್ದರು, ಪೋಪ್ ಎರಡನೇ ಜಾನ್ ಪಾಲ್ ಹೋಗಿದ್ದರು, ಒಬಾಮಾ ಹೋಗಿದ್ದರು. ಅಲ್ಲಿಂದ ಕೋಟಿಗಟ್ಟಲೆ ಜನರನ್ನು ಸಾಗಿಸಿದರು ಅಂತ ಮಾರ್ಗದರ್ಶಕರು ಹೇಳುತ್ತಿದ್ದರು. ಫಿಲಿಪ್ ಕರ್ಟಿನ್ ಥರದ ಇತಿಹಾಸಕಾರರು ಇದನ್ನು ಒಪ್ಪಲಿಲ್ಲ. ಇಡೀ ದ್ವೀಪದಿಂದ ಹೋದವರೇ ಕೆಲವು ಹತ್ತು ಸಾವಿರ. ಆ ಬಾಗಿಲ ಮುಂದಿನ ಬಂಡೆಗಳ ಹತ್ತಿರ ಹಡಗು ನಿಲ್ಲಿಸುವುದೂ ಕಷ್ಟ. ಹಾಗಾದರೆ ಆ ಬಾಗಿಲಲ್ಲಿ ನಿಂತು ಅಳುವವರು ಮೋಸ ಹೋದರಾ? ನನಗೆ ಹಾಗನ್ನಿಸುವುದಿಲ್ಲ. ಹಿರಿಯರ ಸಮಾಧಿ ಎಲ್ಲಿದೆ ಅಂತ ಗೊತ್ತಿಲ್ಲದವರಿಗೆ ನಿಂತು ಅಳಲು ಒಂದು ಜಾಗ ಬೇಕು. ಅಂಥವರಿಗೆ ತಪ್ಪು ಲೆಕ್ಕ ಕೊಡುವುದು ಮಾತ್ರ ಅನ್ಯಾಯ. ನಾಳೆ ಯಾರೋ ಅದನ್ನೇ ಹಿಡಿದು ಅವರನ್ನು ಹೀಯಾಳಿಸುತ್ತಾರೆ.

ಸಂಖ್ಯೆ ಬಿಟ್ಟು ಪದಕ್ಕೆ ಬರೋಣ. ಕನ್ನಡದಲ್ಲಿ ನಾವು ನರಮೇಧ ಅನ್ನುತ್ತೇವೆ. ಮೇಧ ಅಂದರೆ ಯಾಗ, ಬಲಿ. ಅಶ್ವಮೇಧದಲ್ಲಿ ಇರುವ ಅದೇ ಮೇಧ. ಹೋಲೊಕಾಸ್ಟ್ ಅನ್ನುವ ಗ್ರೀಕ್ ಮೂಲದ ಪದಕ್ಕೂ ಹೆಚ್ಚುಕಡಿಮೆ ಇದೇ ಅರ್ಥ, ಪೂರ್ತಿ ಸುಟ್ಟ ಬಲಿ. ಎರಡು ಭಾಷೆಗಳೂ ಕೊಲೆಗೆ ಯಜ್ಞದ ಹೆಸರಿಟ್ಟಿವೆ ನೋಡಿ. ಇದು ಬಹಳ ಯಹೂದಿಗಳಿಗೆ ಹಿಡಿಸುವುದಿಲ್ಲ. ಯಾರು ಯಾರಿಗೆ ಬಲಿ ಕೊಟ್ಟದ್ದು ಅಂತ ಕೇಳುತ್ತಾರೆ. ಅವರು ಶೋಆ ಅನ್ನುತ್ತಾರೆ. ಅಂದರೆ ಮಹಾ ವಿನಾಶ. ಸುಮ್ನೆ ಹೇಳಿದೆ, ಇದು ನನ್ನ ಹಳೆಯ ಕಿರಿಕಿರಿ.

ಕಾನೂನಿನ ಪದ ಜೆನೊಸೈಡ್. 1944ರಲ್ಲಿ ಅದನ್ನು ಕಟ್ಟಿದವರು ಪೋಲೆಂಡಿನ ಯಹೂದಿ ವಕೀಲ ರಾಫೆಲ್ ಲೆಮ್ಕಿನ್. ಆರ್ಮೇನಿಯನ್ನರನ್ನು ಕೊಂದ ಸುದ್ದಿ ಹರೆಯದಲ್ಲೇ ಅವರನ್ನು ಕಾಡಿತ್ತು. ಒಬ್ಬನನ್ನು ಕೊಂದರೆ ಅಪರಾಧ, ಒಂದು ಜನಾಂಗವನ್ನೇ ಕೊಂದರೆ ಶಿಕ್ಷೆ ಕೊಡಲು ಕಾನೂನೇ ಇಲ್ಲವಾ ಅನ್ನುವುದು ಅವರ ಪ್ರಶ್ನೆ. ನಾಜಿಗಳ ಕೈಯಲ್ಲಿ ಅವರ ಕುಟುಂಬದ 49 ಜನ ಹೋದರು. ವಿಶ್ವಸಂಸ್ಥೆಯ ಬಾಗಿಲು ಕಾದು, ಕಂಡ ಕಂಡ ರಾಯಭಾರಿಗಳನ್ನು ಪೀಡಿಸಿ, 1948ರ ಡಿಸೆಂಬರ್ 9ರಂದು ಜೆನೊಸೈಡನ್ನು ತಡೆಯುವ, ಶಿಕ್ಷಿಸುವ ಒಪ್ಪಂದ ಆಗುವಂತೆ ನೋಡಿಕೊಂಡರು. 1959ರಲ್ಲಿ ತೀರಿಕೊಂಡಾಗ ಅವರ ಕೈಯಲ್ಲಿ ಕಾಸಿರಲಿಲ್ಲ. ಅಂತ್ಯಕ್ರಿಯೆಗೆ ಬಂದವರು ಬೆರಳೆಣಿಕೆಯ ಜನ.

ಆ ಒಪ್ಪಂದದ ಬಾಗಿಲು ಕಿರಿದು. ರಾಷ್ಟ್ರ, ಬುಡಕಟ್ಟು, ಜನಾಂಗ ಅಥವಾ ಧರ್ಮದ ಗುಂಪೊಂದನ್ನು ನಾಶ ಮಾಡುವ ಉದ್ದೇಶ ಇತ್ತು ಅಂತ ತೋರಿಸಬೇಕು. ರಾಜಕೀಯ ಗುಂಪುಗಳು ಅದರಲ್ಲಿಲ್ಲ. ಭಾಷೆ, ಸಂಸ್ಕೃತಿಯ ನಾಶವನ್ನೂ ಕೈಬಿಟ್ಟರು. ಕರಡು ಬರೆಯುವಾಗ ದೊಡ್ಡ ದೇಶಗಳು ತಂತಮ್ಮ ಮನೆಯ ಕಡೆ ಒಂದು ಕಣ್ಣಿಟ್ಟೇ ಕೂತಿದ್ದವು. ಅಲ್ಲಿಂದ ಈಚೆಗೆ ಒಂದು ವಿಚಿತ್ರ ನಡೆಯುತ್ತಿದೆ. ಆ ಬಾಗಿಲೊಳಗೆ ಹೋದವರ ನೋವಿಗೆ ಮಾತ್ರ ಪೂರ್ತಿ ಬೆಲೆ, ಹೊರಗೆ ನಿಂತವರದ್ದು ಎರಡನೇ ದರ್ಜೆ ಅನ್ನುವ ಹಾಗೆ. 1951ರಲ್ಲಿ ಅಮೆರಿಕದ ಕಪ್ಪು ಜನರ ಪರವಾಗಿ ವಿಲಿಯಂ ಪ್ಯಾಟರ್ಸನ್, ಪಾಲ್ ರೋಬ್ಸನ್ ಮುಂತಾದವರು ವಿಶ್ವಸಂಸ್ಥೆಗೆ ಅರ್ಜಿ ಕೊಟ್ಟರು. ಗುಂಪು ಕಟ್ಟಿ ಕೊಲ್ಲುವುದು, ಪೊಲೀಸರ ಹಿಂಸೆ ಎಲ್ಲ ಸೇರಿದರೆ ಇದೂ ಜೆನೊಸೈಡೇ ಅಂತ. ವಿರೋಧಿಸಿದವರಲ್ಲಿ ಸ್ವತಃ ಲೆಮ್ಕಿನ್ ಇದ್ದರು. ಅಮೆರಿಕ ಆ ಒಪ್ಪಂದಕ್ಕೆ ಇನ್ನೂ ಒಪ್ಪಿಗೆ ಕೊಟ್ಟಿರಲಿಲ್ಲ. ಇಂಥ ಅರ್ಜಿಯಿಂದ ಅದು ಕೈತಪ್ಪೀತು ಅನ್ನುವ ಭಯವೂ ಅವರಿಗಿತ್ತು. ನಾನು ಅವರನ್ನು ಗೌರವಿಸುತ್ತೇನೆ. ಆದರೂ ಅವತ್ತು ಅವರು ಸೋತರು ಅಂತಲೇ ನನ್ನ ಲೆಕ್ಕ.

ಪದದ ಬೆಲೆ ಏರಿದಷ್ಟೂ ಅದನ್ನು ಬಾಯಿಂದ ಹೊರಡಿಸಲು ಸರ್ಕಾರಗಳು ಹೆದರಿದವು. 1994ರಲ್ಲಿ ರುವಾಂಡಾದಲ್ಲಿ ನೂರು ದಿನಗಳಲ್ಲಿ ಎಂಟು ಲಕ್ಷದಷ್ಟು ಜನರನ್ನು ಕೊಲ್ಲುತ್ತಿರುವಾಗ ಅಮೆರಿಕದ ವಕ್ತಾರರು "ಜೆನೊಸೈಡಿನ ಕೃತ್ಯಗಳು" ನಡೆದಿವೆ ಅನ್ನುತ್ತಿದ್ದರು. ಜೆನೊಸೈಡ್ ಅನ್ನಲು ಮಾತ್ರ ನಾಲಿಗೆ ಹೊರಳಲಿಲ್ಲ. ಅಂದುಬಿಟ್ಟರೆ ಏನಾದರೂ ಮಾಡಬೇಕಲ್ಲ. ಹತ್ತು ವರ್ಷದ ಮೇಲೆ ಸುಡಾನಿನ ಡಾರ್ಫರ್ ವಿಷಯದಲ್ಲಿ ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪಾವೆಲ್ ಆ ಪದವನ್ನು ನೇರವಾಗಿ ಬಳಸಿದರು. ಅಂದಮೇಲೂ ಮಹಾ ಏನೂ ಮಾಡಲಿಲ್ಲ.

ಗುಲಾಮಗಿರಿಯನ್ನು ಈ ಪದದೊಳಗೆ ತುರುಕಲು ಹೋದರೆ ಅದರ ಅಸಲಿ ರೂಪವೇ ಕಾಣದೆ ಹೋಗುತ್ತದೆ. ನಾಜಿಗಳಿಗೆ ಯಹೂದಿಗಳು ಇರಬಾರದಿತ್ತು. ತೋಟದ ಮಾಲೀಕನಿಗೆ ಗುಲಾಮ ಇರಬೇಕಿತ್ತು. ಇದು ಕರುಣೆ ಅಲ್ಲ, ಬಂಡವಾಳ. ಬ್ರೆಜಿಲ್ ಮತ್ತು ಉತ್ತರ ಅಮೆರಿಕವನ್ನು ಪಕ್ಕಪಕ್ಕ ಇಡಿ. ಬ್ರೆಜಿಲ್‌ಗೆ 48 ಲಕ್ಷದಷ್ಟು ಜನರನ್ನು ತಂದಿಳಿಸಿದರು. ಇವತ್ತಿನ ಅಮೆರಿಕ ಸಂಯುಕ್ತ ಸಂಸ್ಥಾನದ ನೆಲಕ್ಕೆ ಆಫ್ರಿಕಾದಿಂದ ನೇರವಾಗಿ ತಂದದ್ದು ನಾಲ್ಕು ಲಕ್ಷಕ್ಕಿಂತ ಸ್ವಲ್ಪ ಕಮ್ಮಿ. ಬರೀ ಸಂಖ್ಯೆ ನೋಡುವವರು ಇಲ್ಲಿಗೇ ಪುಸ್ತಕ ಮುಚ್ಚಿ "ಅಮೆರಿಕದ್ದು ಸಣ್ಣ ಪಾಲು" ಅಂದುಬಿಡುತ್ತಾರೆ. 1860ರ ಜನಗಣತಿ ತೆರೆಯಿರಿ. ಅಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದಾರೆ. ಬ್ರೆಜಿಲ್‌ನಂಥ ಕಬ್ಬಿನ ನಾಡುಗಳಲ್ಲಿ ಹುಟ್ಟಿಗಿಂತ ಸಾವು ಜಾಸ್ತಿ, ಸತ್ತವರ ಜಾಗಕ್ಕೆ ಹೊಸಬರನ್ನು ಕೊಳ್ಳುತ್ತಿದ್ದರು. ಉತ್ತರ ಅಮೆರಿಕದಲ್ಲಿ ಜನ ಬದುಕಿದರು, ಮಕ್ಕಳಾದವು. ಆ ಮಕ್ಕಳೂ ಗುಲಾಮರೇ. 1662ರಲ್ಲೇ ವರ್ಜೀನಿಯಾ ಕಾನೂನು ಮಾಡಿತ್ತು: ತಾಯಿ ಗುಲಾಮಳಾದರೆ ಮಗುವೂ ಗುಲಾಮ, ಅಪ್ಪ ಯಾರಾದರೂ ಸರಿ. ಅಪ್ಪ ಮಾಲೀಕನೇ ಆದರೂ ಸರಿ, ಅವನ ಆಸ್ತಿ ಬೆಳೆಯಿತು ಅಷ್ಟೇ. ಹಡಗಿನಲ್ಲಿ ಸತ್ತವರ ಲೆಕ್ಕದಲ್ಲಿ ಇಂಥ ಹುಟ್ಟಿನ ಘೋರ ಎಲ್ಲಿ ಬರುತ್ತದೆ? ಸಾವಿನ ಪಟ್ಟಿಯಿಂದ ಅಳೆಯುವವರಿಗೆ ಇದು ಸಿಗುವುದಿಲ್ಲ. ಎರಡು ಗುಲಾಮಗಿರಿಗಳನ್ನು ಹೋಲಿಸಿದ್ದಕ್ಕೆ ನಮಗೆ ಕಂಡಿತು.

ಇನ್ನು ಹಣ. 1833ರಲ್ಲಿ ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಿ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಯಾರಿಗೆ? ಮಾಲೀಕರಿಗೆ. ಬಿಡುಗಡೆಯಾದವರಿಗೆ ಒಂದು ಬಿಡಿಗಾಸೂ ಇಲ್ಲ. ಮೇಲಿಂದ 1838ರವರೆಗೆ "ಕೆಲಸ ಕಲಿಯುವವರು" ಅನ್ನುವ ಹೆಸರಿನಲ್ಲಿ ಅದೇ ಮಾಲೀಕರಿಗೆ ಬಿಟ್ಟಿ ದುಡಿಯಬೇಕಿತ್ತು. ಆ ಪರಿಹಾರಕ್ಕೆ ಸರ್ಕಾರ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಅಂದರೆ ಗುಲಾಮರ ಮರಿಮಕ್ಕಳ ಮಕ್ಕಳೂ ಬ್ರಿಟನ್ನಿನಲ್ಲಿ ತೆರಿಗೆ ಕಟ್ಟಿ ಆ ಸಾಲ ತೀರಿಸಿದ್ದಾರೆ. ಫ್ರಾನ್ಸಿನ ವಸಾಹತಾಗಿದ್ದ ಹೈಟಿಯದ್ದು ಇನ್ನೂ ಕ್ರೂರ. ಗುಲಾಮರೇ ದಂಗೆ ಎದ್ದು 1804ರಲ್ಲಿ ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ತಂದು ನಿಲ್ಲಿಸಿ, ನಮ್ಮವರು ಕಳಕೊಂಡ ಆಸ್ತಿಗೆ 15 ಕೋಟಿ ಫ್ರಾಂಕ್ ಕೊಡಿ ಅಂತ ಕೇಳಿತು. ಆ ಆಸ್ತಿಯಲ್ಲಿ ಬಿಡುಗಡೆ ಪಡೆದ ಗುಲಾಮರೂ ಸೇರಿದ್ದರು. ಆಮೇಲೆ 9 ಕೋಟಿಗೆ ಇಳಿಸಿದರೂ ಅದಕ್ಕಾಗಿ ಮಾಡಿದ ಸಾಲಗಳು ತೀರಲು 1947 ಆಯಿತು.

ಇದರ ಪಕ್ಕಕ್ಕೆ 1952. ಪಶ್ಚಿಮ ಜರ್ಮನಿ ಇಸ್ರೇಲಿಗೆ 300 ಕೋಟಿ ಮಾರ್ಕ್ ಕೊಡಲು ಒಪ್ಪಿತು. ಅದಕ್ಕೂ ಇದಕ್ಕೂ ಯಾಕೆ ಇಷ್ಟು ಅಂತರ? ಜರ್ಮನ್ನರ ಮನಸ್ಸು ಮೆತ್ತಗಿತ್ತು ಅಂತಲ್ಲ. ಜರ್ಮನಿ ಸೋತಿತ್ತು, ಊರುಗಳು ಸುಟ್ಟುಹೋಗಿದ್ದವು, ಗೆದ್ದವರು ತಲೆಯ ಮೇಲೆ ಕೂತಿದ್ದರು. ಬ್ರಿಟನ್ ಯಾರಿಗೂ ಸೋಲಲಿಲ್ಲ. ಬ್ರಿಸ್ಟಲ್ ನಗರ ಎಡ್ವರ್ಡ್ ಕೋಲ್‌ಸ್ಟನ್ ಅನ್ನುವ ಗುಲಾಮ ವ್ಯಾಪಾರಿಗೆ 1895ರಲ್ಲಿ ದಾನಿ ಅಂತ ಹೊಗಳಿ ಪ್ರತಿಮೆ ನಿಲ್ಲಿಸಿತು. ಅಷ್ಟೊತ್ತಿಗೆ ಗುಲಾಮಗಿರಿ ಹೋಗಿ ಅರವತ್ತು ವರ್ಷ! 2020ರಲ್ಲಿ ಜನ ಅದನ್ನು ಎಳೆದು ಬಂದರಿನ ನೀರಿಗೆ ಹಾಕಿದರು. ಅಮೆರಿಕದ ದಕ್ಷಿಣ ರಾಜ್ಯಗಳಂತೂ ಗುಲಾಮಗಿರಿ ಉಳಿಸಿಕೊಳ್ಳಲು ಮಾಡಿದ ಅಂತರ್ಯುದ್ಧದಲ್ಲಿ ಸೋತರೂ ನೆನಪಿನಲ್ಲಿ ಬಹುಕಾಲ ಗೆದ್ದೇ ಇದ್ದವು. ಅಲ್ಲಿಯ ದಂಡನಾಯಕರ ಪ್ರತಿಮೆಗಳಲ್ಲಿ ಹೆಚ್ಚಿನವು ಎದ್ದದ್ದು ಯುದ್ಧ ಮುಗಿದು ದಶಕಗಳಾದ ಮೇಲೆ, ಕಪ್ಪು ಜನರ ಮತದ ಹಕ್ಕು ಕಿತ್ತುಕೊಳ್ಳುತ್ತಿದ್ದ ಕಾಲದಲ್ಲಿ.

ಅದೇ ಜರ್ಮನಿ ಇನ್ನೊಂದು ಕಡೆ ಹೇಗೆ ನಡೆದುಕೊಂಡಿತು ನೋಡಿ. 1904ರಲ್ಲಿ ತನ್ನ ವಸಾಹತಾಗಿದ್ದ ಇವತ್ತಿನ ನಮೀಬಿಯಾದಲ್ಲಿ ಹೆರೆರೊ ಜನ ದಂಗೆ ಎದ್ದಾಗ, ಗಡಿಯೊಳಗೆ ಕಂಡ ಹೆರೆರೊಗಳನ್ನೆಲ್ಲ ಗುಂಡಿಟ್ಟು ಕೊಲ್ಲಿ ಅಂತ ಜನರಲ್ ಫಾನ್ ಟ್ರೋಟಾ ಆಜ್ಞೆ ಹೊರಡಿಸಿದ. ನೀರಿಲ್ಲದ ಮರುಭೂಮಿಗೆ ಅಟ್ಟಿದರು. ಉಳಿದವರನ್ನೂ ನಾಮಾ ಜನರನ್ನೂ ಶಾರ್ಕ್ ದ್ವೀಪದಂಥ ಶಿಬಿರಗಳಲ್ಲಿ ಕೂಡಿದರು. ತಲೆಬುರುಡೆಗಳನ್ನು "ಸಂಶೋಧನೆ"ಗೆ ಅಂತ ಜರ್ಮನಿಗೆ ಕಳಿಸಿದರು. ಪಶ್ಚಿಮ ಜರ್ಮನಿಯ ಚಾನ್ಸಲರ್ ವಿಲ್ಲಿ ಬ್ರಾಂಟ್ ವಾರ್ಸಾದಲ್ಲಿ ಯಹೂದಿಗಳ ಸ್ಮಾರಕದ ಮುಂದೆ ಮೊಣಕಾಲೂರಿದ್ದು 1970ರಲ್ಲಿ. ಹೆರೆರೊ ಮತ್ತು ನಾಮಾ ಜನರ ವಿಷಯದಲ್ಲಿ ಜರ್ಮನಿ ನರಮೇಧ ಅನ್ನುವ ಪದವನ್ನು ಅಧಿಕೃತವಾಗಿ ಬಳಸಲು 2021 ಬರಬೇಕಾಯಿತು. 30 ವರ್ಷಗಳಲ್ಲಿ 110 ಕೋಟಿ ಯೂರೋ ಕೊಡುತ್ತೇವೆ ಅಂದರು. ಆದರೆ ಅದನ್ನು ಪರಿಹಾರ ಅಂತ ಕರೆಯಲು ಒಪ್ಪಲಿಲ್ಲ. ಮಾತುಕತೆ ನಡೆದದ್ದು ಎರಡು ಸರ್ಕಾರಗಳ ನಡುವೆ. ನಮ್ಮನ್ನು ಯಾರು ಕೇಳಿದರು ಅಂತ ಹೆರೆರೊ, ನಾಮಾ ಮುಖಂಡರಲ್ಲಿ ಹಲವರು ಇವತ್ತಿಗೂ ಕೇಳುತ್ತಿದ್ದಾರೆ.

ಹೋಲಿಕೆಯನ್ನು ಎರಡು ಥರ ಬಳಸಬಹುದು, ಬಾಯಿ ಮುಚ್ಚಿಸಲು ಇಲ್ಲವೇ ಕಣ್ಣು ತೆರೆಯಲು. ಮೊದಲನೆಯದಕ್ಕೆ ಒಂದು ಉದಾಹರಣೆ. 1986ರಲ್ಲಿ ಜರ್ಮನಿಯಲ್ಲಿ ಇತಿಹಾಸಕಾರರ ದೊಡ್ಡ ಜಗಳವಾಯಿತು. ಸ್ಟಾಲಿನ್ನನ ಶಿಬಿರಗಳು ಮೊದಲು ಬಂದವಲ್ಲವೇ, ನಾಜಿಗಳದ್ದು ಅದಕ್ಕೆ ಹೆದರಿ ಮಾಡಿದ್ದಲ್ಲವೇ ಅನ್ನುವ ಧಾಟಿಯಲ್ಲಿ ಅರ್ನ್‌ಸ್ಟ್ ನೋಲ್ಟೆ ಬರೆದರು. ತತ್ವಜ್ಞಾನಿ ಹಾಬರ್ಮಾಸ್ ತಿರುಗಿ ಬಿದ್ದರು. ಸ್ಟಾಲಿನ್ನನ ಶಿಬಿರಗಳು ಸುಳ್ಳಲ್ಲ. ಆದರೆ ನೋಲ್ಟೆ ಅವನ್ನು ತಂದದ್ದು ಅಲ್ಲಿ ಸತ್ತವರಿಗಾಗಿ ಅಲ್ಲ, ತಮ್ಮ ಮನೆಯ ಹೊರೆ ಇಳಿಸಿಕೊಳ್ಳಲು. ಅಟ್ಲಾಂಟಿಕ್ ವ್ಯಾಪಾರದ ಮಾತು ಬಂದ ಕೂಡಲೇ "ಅರಬರೂ ಮಾಡಿದರಲ್ಲ, ಆಫ್ರಿಕಾದ ರಾಜರೇ ಮಾರಿದರಲ್ಲ" ಅನ್ನುವವರನ್ನು ನೀವೂ ನೋಡಿರುತ್ತೀರಿ. ಎರಡೂ ನಿಜ. ಎರಡರ ಮೇಲೂ ನಾನು ಬೇಕಾದರೆ ಗಂಟೆಗಟ್ಟಲೆ ಮಾತಾಡುತ್ತೇನೆ. ಆದರೆ ಕೇಳಿದವರು ಆ ಮಾತಿಗೆ ಕೂರುವುದಿಲ್ಲ, ಅಷ್ಟರಲ್ಲಿ ಎದ್ದು ಹೋಗಿರುತ್ತಾರೆ.

ಇನ್ನೊಂದು ಥರಕ್ಕೆ ಡು ಬಾಯ್ಸ್ ಉದಾಹರಣೆ. ಅಮೆರಿಕದ ಕಪ್ಪು ಜನರ ಚಿಂತಕ. ಜನಾಂಗದ ಸಮಸ್ಯೆ ಅಂದರೆ ಚರ್ಮದ ಬಣ್ಣದ್ದು ಅಂತ ಬದುಕಿಡೀ ನಂಬಿದ್ದರು. 1949ರಲ್ಲಿ ವಾರ್ಸಾಗೆ ಹೋಗಿ, ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೊ ಇದ್ದ ಜಾಗದಲ್ಲಿ ಬರೀ ಇಟ್ಟಿಗೆ ಚೂರು ನೋಡಿದರು. ಕೊಂದವರೂ ಬಿಳಿಯರು, ಸತ್ತವರೂ ಬಿಳಿಯರು. ಅವರ ಹಳೆಯ ನಂಬಿಕೆ ಅಲ್ಲಾಡಿತು. ಯಹೂದಿಗಳ ಕಷ್ಟಕ್ಕಿಂತ ತಮ್ಮ ಜನರ ಕಷ್ಟವೇ ಅಲ್ಲಿ ಹೆಚ್ಚು ಸ್ಪಷ್ಟವಾಯಿತು ಅನ್ನುವ ಅರ್ಥದಲ್ಲಿ ಆಮೇಲೆ ಬರೆದರು. ಯಾರದ್ದು ದೊಡ್ಡದು ಅಂತ ಅವರು ಕೇಳಲಿಲ್ಲ.

ನೆನಪನ್ನು ಎಲ್ಲಿ ಇಡಬೇಕು ಅನ್ನುವುದರಲ್ಲೂ ನೊಂದವರೆಲ್ಲ ಒಂದೇ ಅಭಿಪ್ರಾಯದಲ್ಲಿ ಇರುವುದಿಲ್ಲ. ಗುಂಟರ್ ಡೆಮ್ನಿಗ್ ಅನ್ನುವ ಕಲಾವಿದ 1990ರ ದಶಕದಿಂದ ಯುರೋಪಿನ ಬೀದಿಗಳಲ್ಲಿ ಅಂಗೈಯಗಲದ ಹಿತ್ತಾಳೆ ಮೊಗದ ಕಲ್ಲು ಹೂಳಿಸುತ್ತಿದ್ದಾರೆ. "ಇಲ್ಲಿ ವಾಸವಿದ್ದರು" ಅಂತ ಶುರುವಾಗಿ, ನಾಜಿಗಳಿಗೆ ಬಲಿಯಾದ ಒಬ್ಬರ ಹೆಸರು. ಈಗ ಒಂದು ಲಕ್ಷ ದಾಟಿದೆ. ಮ್ಯೂನಿಕ್ ನಗರ ಮಾತ್ರ ತನ್ನ ಬೀದಿಗಳಲ್ಲಿ ಬೇಡ ಅಂದಿತು. ಅಲ್ಲಿಯ ಯಹೂದಿ ಸಮುದಾಯದ ಮುಖಂಡರೇ, ನಮ್ಮವರ ಹೆಸರನ್ನು ಮತ್ತೆ ಬೂಟುಗಾಲಲ್ಲಿ ತುಳಿಯುವುದು ಬೇಡ ಅಂದರು. ನನಗೆ ಆ ಕಲ್ಲುಗಳು ಇಷ್ಟ. ಆದರೂ ಮ್ಯೂನಿಕ್‌ನವರ ಮಾತಿಗೆ ನನ್ನ ಬಳಿ ಎದುರುತ್ತರ ಇಲ್ಲ. ಅಲಬಾಮಾದ ಮಾಂಟ್‌ಗೊಮರಿಯಲ್ಲಿ 2018ರಲ್ಲಿ ತೆರೆದ ಸ್ಮಾರಕದಲ್ಲಿ ಉಕ್ಕಿನ ಕಂಬಗಳನ್ನು ತೂಗುಹಾಕಿದ್ದಾರೆ, ಒಂದೊಂದು ಕೌಂಟಿಗೆ (ಅಂದರೆ ಜಿಲ್ಲೆಗೆ) ಒಂದೊಂದು, 800ಕ್ಕೂ ಹೆಚ್ಚು. ಗುಂಪು ಕಟ್ಟಿ ಕೊಂದ 4,400ಕ್ಕೂ ಹೆಚ್ಚು ಕಪ್ಪು ಜನರ ಲೆಕ್ಕ ಅದರಲ್ಲಿದೆ. ಹೆಸರು ಸಿಗದವರಿಗೆ "ಗೊತ್ತಿಲ್ಲ" ಅಂತಲೇ ಕೆತ್ತಿದ್ದಾರೆ.

ಅದೇ ಅಲಬಾಮಾದ ಇನ್ನೊಂದು ಹಡಗಿನ ಕಥೆ ಹೇಳಿ ನಿಲ್ಲಿಸುತ್ತೇನೆ. ಹಡಗಿನಿಂದಲೇ ಶುರು ಮಾಡಿದ್ದೆವಲ್ಲ. ಅಮೆರಿಕಕ್ಕೆ ಹೊರಗಿನಿಂದ ಗುಲಾಮರನ್ನು ತರುವುದು 1808ರಿಂದಲೇ ನಿಷೇಧ. ಆದರೂ ತಂದು ತೋರಿಸುತ್ತೇನೆ ಅಂತ ಟಿಮೊಥಿ ಮೇಹರ್ ಅನ್ನುವ ಸಿರಿವಂತ ಬಾಜಿ ಕಟ್ಟಿದ. 1860ರಲ್ಲಿ ಕ್ಲೋಟಿಲ್ಡಾ ಅನ್ನುವ ಹಡಗು 110 ಜನರನ್ನು ರಾತ್ರಿ ಹೊತ್ತು ಮೊಬೈಲ್ ನಗರದ ಬಳಿ ತಂದಿಳಿಸಿತು. ಸುಳಿವು ಉಳಿಯಬಾರದು ಅಂತ ಹಡಗಿಗೆ ಬೆಂಕಿ ಇಟ್ಟು ನದಿಯಲ್ಲಿ ಮುಳುಗಿಸಿದರು. ಜನರನ್ನು ಹಾಗೆ ತಂದದ್ದಕ್ಕೆ ಯಾರೂ ಜೈಲಿಗೆ ಹೋಗಲಿಲ್ಲ. ಬಿಡುಗಡೆಯಾದ ಮೇಲೆ ಅವರಿಗೆ ಊರಿಗೆ ಮರಳುವ ಆಸೆ. ಹಣವಿರಲಿಲ್ಲ. ನಮ್ಮನ್ನು ಎಳೆದು ತಂದವನು ನೀನು, ಒಂದು ತುಂಡು ನೆಲವಾದರೂ ಕೊಡು ಅಂತ ಅವರ ಪರವಾಗಿ ಕಜೋ ಲೂಯಿಸ್ ಮೇಹರ್‌ನನ್ನು ಕೇಳಿದರು. ಅವರ ಅಸಲಿ ಹೆಸರು ಕೊಸೊಲಾ. ಮೇಹರ್ ಕೊಡಲಿಲ್ಲ. ಅವರೆಲ್ಲ ಕೂಲಿ ಮಾಡಿ ನೆಲ ಕೊಂಡರು. ಕಜೋ 1872ರಲ್ಲಿ ನೂರು ಡಾಲರ್ ಕೊಟ್ಟು ಎರಡು ಎಕರೆ ಕೊಂಡರು. ಹಾಗೆ ಎದ್ದ ಊರಿನ ಹೆಸರು ಆಫ್ರಿಕಾಟೌನ್. ಕಜೋ 1935ರವರೆಗೆ ಬದುಕಿ, ಕೇಳಿದವರಿಗೆಲ್ಲ ಇದನ್ನು ಹೇಳಿದರು. ಅವರ ನಂತರ ಮಕ್ಕಳು ಹೇಳಿದರು, ಮೊಮ್ಮಕ್ಕಳು ಹೇಳಿದರು. ಹೊರಗಿನವರಲ್ಲಿ ಹಲವರು ಅದನ್ನು ಕಟ್ಟುಕಥೆ ಅಂದರು. ಎಲ್ಲಿ ಆ ಹಡಗು, ತೋರಿಸಿ ಅಂದರು. 2019ರಲ್ಲಿ ನದಿಯ ಕೆಸರಿನಲ್ಲಿ ಸಿಕ್ಕಿತು. ಹಲಗೆಗಳ ಮೇಲೆ ಸುಟ್ಟ ಗುರುತು ಇನ್ನೂ ಇತ್ತು.